ವಾರಗಿತ್ತಿಯ ಉಪ್ಪುನೀರು

ನನ್ನ ವಾರಗಿತ್ತಿ ಅತ್ತ ಕಣ್ಣೀರಿಗೆಲ್ಲ ಯಾರಾದರೂ ಒಡ್ಡು ಕಟ್ಟಿದ್ದರೆ ನಮ್ಮ ಕೂಡ್ಲಿಗಿ ತಾಲ್ಲೂಕಿಗೆ ಇನ್ನೊಂದು ಕೆರೆ ಆಗುತ್ತಿತ್ತು! ಏನು ಮಾಡುವುದು, ಉಪ್ಪುನೀರು; ಜೋಳಕ್ಕೂ ಬಾರದು, ಸಜ್ಜೆಗೂ ಬಾರದು. ನಮ್ಮೂರಲ್ಲಿ ಉಪ್ಪುನೀರಿಗೇನು ಬರವೇ? ನಮ್ಮ ಹಿತ್ತಲ ಬಾವಿಯಲ್ಲೇ ಬೇಕಾದಷ್ಟಿತ್ತು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಬಕಾರ ನೊರೆ ಬಿಡುತ್ತಿರಲಿಲ್ಲ. ಕುಡಿಯುವ ಸೀನೀರಿಗೆ ಕೊಡ ಹೊತ್ತು ಊರ ಹೊರಗೇ ಹೋಗಬೇಕು. ಆದರೆ ಈ ಮಂದಿಯನ್ನು ನೋಡಿ! ಬಾವಿಯ ಉಪ್ಪುನೀರಿಗೆ ಮೂಗು ಮುರಿಯುವವರು ಅವಳ ಕಣ್ಣಿನ ಉಪ್ಪುನೀರಿಗೆ ಮಾತ್ರ ಕೈ ಮುಗಿಯುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಈಗ ನೆನೆದರೂ ಒಂಚೂರು ಉರಿಯುತ್ತದೆ.

ಅವಳು ಮನೆಯ ಹಿರಿಸೊಸೆ, ನಾನು ಕಿರಿಸೊಸೆ. ಮನೆಯಲ್ಲಿ ಅವಳು ದೊಡ್ಡಾಕಿ, ನಾನು ಸಣ್ಣಾಕಿ. ಅವಳು ಹರಪನಹಳ್ಳಿಯವಳು, ನಮ್ಮತ್ತೆಯ ಒಬ್ಬನೇ ತಮ್ಮನ ಮಗಳು. ಅಂದರೆ ನಮ್ಮತ್ತೆ ಅವಳಿಗೆ ಅತ್ತೆಯಾಗುವ ಮೊದಲೇ ಅತ್ತೆ! ನಾನೋ ಕೊಟ್ಟೂರಿನಿಂದ ಬಂದವಳು, ಈ ಮನೆಯೊಡನೆ ಹಿಂದೆ ಮುಂದೆ ಯಾವ ಬಳಗವೂ ಇಲ್ಲ. ಓಟ ಶುರುವಾಗುವ ಮೊದಲೇ ಅವಳು ಅರ್ಧ ದಾರಿ ದಾಟಿದ್ದಳು ಅನ್ನಿ.

ಅದರ ಮೇಲೆ ಈ ಅಳು. ನಮ್ಮ ಕಡೆ ಅಳುವುದು ಅಂದರೆ ಮೂಲೆಯಲ್ಲಿ ಕೂತು ಸೊರಸೊರ ಮಾಡುವುದಲ್ಲ. ಅದಕ್ಕೊಂದು ರೀತಿ ಇದೆ. ಹೆಣ್ಣುಮಕ್ಕಳು ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಆದದ್ದು ಹೋದದ್ದು ಎಲ್ಲ ಎತ್ತಿ ಆಡಿ, ರಾಗವಾಗಿ ಅಳಬೇಕು. ಸತ್ತಾಗ ಅಳಬೇಕು, ಹೆಣ್ಣು ಕಳಿಸುವಾಗ ಅಳಬೇಕು, ಬಹಳ ದಿನದ ಮೇಲೆ ಸಿಕ್ಕರೂ ಅಳಬೇಕು. ಅಳದವಳಿಗೆ ಕರುಳಿಲ್ಲ ಎಂದೇ ಲೆಕ್ಕ. ಮತ್ತೆ ನನಗೆ? ಹುಟ್ಟಿದಾಗ ಅತ್ತದ್ದೇ ಕಡೆ ಇರಬೇಕು. ದುಃಖ ಆಗುವುದಿಲ್ಲ ಅಂತಲ್ಲ. ಆಗುತ್ತದೆ, ಎದೆಯಲ್ಲಿ ಕಲ್ಲು ಇಟ್ಟಂತೆ ಆಗುತ್ತದೆ. ಆದರೆ ಅದು ಕಣ್ಣಿನ ತನಕ ಹತ್ತಿ ಬರುವುದಿಲ್ಲ.

ನನ್ನ ಮದುವೆಯಲ್ಲಿಯೇ ಇದರ ಫಜೀತಿ ಶುರುವಾಯಿತು. ಕೊಟ್ಟೂರಿನಲ್ಲಿ ಹೆಣ್ಣು ಕಳಿಸುವಾಗ ನನ್ನ ತಾಯಿ ಅಳುತ್ತಾಳೆ, ಚಿಕ್ಕಮ್ಮಂದಿರು ಅಳುತ್ತಾರೆ, ಬಳೆಗಾರನ ಹೆಂಡತಿ ಕೂಡ ಅಳುತ್ತಾಳೆ. ನಾನು ಪಿಳಿಪಿಳಿ ನೋಡುತ್ತಿದ್ದೇನೆ! ತಾಯಿ ರಟ್ಟೆ ಚಿವುಟಿ, "ಅಳೇ, ಮಂದಿ ನೋಡಾಕತ್ಯಾರ" ಎಂದಳು. ಚಿವುಟಿದ್ದು ನೋವಾಯಿತು, ಅಳು ಬರಲಿಲ್ಲ. ಕೂಡ್ಲಿಗಿಗೆ ಬಂದು ಹೊಸಿಲು ದಾಟಿದ ಕೂಡಲೇ ಇವಳು ಓಡಿಬಂದು ನನ್ನನ್ನು ತಬ್ಬಿಕೊಂಡು, "ನನ್ನವ್ವಾ, ತೌರು ಬಿಟ್ಟು ಬಂದ್ಯೇನೇ, ನನ್ನ ತಾಯೀ" ಎಂದು ಗೋಳೋ ಎಂದು ಅತ್ತಳು. ನೆರೆದ ಹೆಂಗಸರಿಗೆ ಮದುಮಗಳು ಯಾರು ಎಂಬುದೇ ತಿಳಿಯದಾಯಿತು. ನಮ್ಮತ್ತೆ ಆರತಿ ತಟ್ಟೆ ಹಿಡಿದು ನಿಂತಲ್ಲಿಂದಲೇ, "ಬಂದಾಕಿ ನಗಾಕತ್ಯಾಳ, ಇದ್ದಾಕಿ ಅಳಾಕತ್ಯಾಳ, ನನ್ನ ಮನಿ ಉದ್ಧಾರಾತು ಬಿಡ್ರಿ!" ಎಂದಳು. ಎಲ್ಲರೂ ನಕ್ಕರು. ಆವತ್ತಿನಿಂದಲೇ ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿತು.

ಅವಳ ತಂದೆ, ನನ್ನ ಗಂಡನಿಗೆ ಸೋದರಮಾವ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹರಪನಹಳ್ಳಿಯಿಂದ ಅಕ್ಕನನ್ನೂ ಮಗಳನ್ನೂ ನೋಡಲು ಬರುತ್ತಿದ್ದರು. ಬಂದಾಗ ಒಂದು ಅಳು, ಹೋಗುವಾಗ ಒಂದು ಅಳು.

"ಹೋಗುವಾಗ ಅಳೂದು ಸರಿ, ಬಂದಾಗ ಯಾಕ ಅಳತೀಯಕ್ಕಾ?" ಎಂದು ಒಮ್ಮೆ ಕೇಳಿದೆ.

"ಹೋಗ್ತಾರಲ್ಲವ್ವಾ ಅಂತ!" ಎಂದಳು.

ಆ ಮಾವ ಮಾತ್ರ ಒಳ್ಳೆಯವರು. ಮಗಳಿಗೆ ಏನು ತಂದರೂ ನನಗೂ ಅಷ್ಟೇ ತರುತ್ತಿದ್ದರು. ನನ್ನ ಒಣಕಣ್ಣನ್ನು ಹೊಗಳಿದ ಪುಣ್ಯಾತ್ಮ ಇಡೀ ಬಳಗದಲ್ಲಿ ಅವರೊಬ್ಬರೇ. "ಈಕಿ ಗಟ್ಟಿಗಿತ್ತಿ. ಮನಿ ಅಂದಮ್ಯಾಲೆ ಒಬ್ರಾದ್ರೂ ಗಟ್ಟಿ ಇರಬೇಕು" ಎನ್ನುತ್ತಿದ್ದರು. ಅದನ್ನು ಕೇಳಿಯೂ ಮಗಳ ಕಣ್ಣಲ್ಲಿ ನೀರು! "ಅಪ್ಪ ಎಷ್ಟ್ ಚಂದ ಹೇಳಿದ್ರು" ಅಂತ. ನನ್ನ ಹೊಗಳಿಕೆಯನ್ನೂ ಅವಳೇ ಅತ್ತು ಮುಗಿಸಿದಳು.

ಅವಳ ಜೊತೆ ಬಸ್ಸು ಹತ್ತುವುದಂತೂ ದೊಡ್ಡ ಸಾಹಸ. ಒಮ್ಮೆ ಹಡಗಲಿಗೆ ಹೊರಟಿದ್ದೆವು. ದಾರಿಯ ಒಂದು ಹಳ್ಳಿಯಲ್ಲಿ ಯಾರೋ ಹೆಣ್ಣು ಕಳಿಸಲು ಬಸ್ಸಿನ ತನಕ ಬಂದು ಅಳುತ್ತಿದ್ದರು. ಇವಳು ಕಿಟಕಿಯಲ್ಲಿ ನೋಡಿದಳು, ಮೂಗೊರೆಸಿದಳು, ನಾನು ಸೆರಗು ಹಿಡಿದು ಎಳೆಯುವುದರೊಳಗೆ ಇಳಿದೇಬಿಟ್ಟಳು! ಗುರುತಿಲ್ಲ, ಪರಿಚಯವಿಲ್ಲ, ಆ ಹುಡುಗಿಯ ಕೊರಳಿಗೆ ಬಿದ್ದು, "ತಾಯಿ ಮಡಿಲು ಬಿಟ್ಟು ಹೊಂಟ್ಯೇನೇ ನನ್ನ ಗಿಣೀ" ಎಂದು ಶುರುಮಾಡಿದಳು. ನಿಲ್ಲುವ ಹೊತ್ತಿಗೆ ಬಂದಿದ್ದ ಅವರ ಅಳು ಮತ್ತೆ ಮೊದಲಿನಿಂದ ಶುರುವಾಯಿತು. ಕಂಡಕ್ಟರ್ ಸೀಟಿ ಊದಿ ಊದಿ ಸೋತು ಕೇಳಿದ:

"ಯಮ್ಮಾ, ನೀವು ಹೆಣ್ಣಿನ ಕಡೇರೋ, ಗಂಡಿನ ಕಡೇರೋ?"

"ಟಿಕೀಟಿನ ಕಡೇರಪ್ಪಾ, ತಡಿ, ಬಂದೆ" ಎಂದಳು.

ಆ ಮಂದಿ ಬೈದರೇ? ಇಲ್ಲ! ಇವಳ ಮಡಿಲಿಗೆ ಹೋಳಿಗೆಯ ಗಂಟು ಹಾಕಿ, ಯಾವ ಜನ್ಮದ ಅಕ್ಕನೋ ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅವಳ ಹಿಂದೆಯೇ ಇಳಿದಿದ್ದ ನನಗೆ, "ಈ ಟ್ರಂಕು ಸ್ವಲ್ಪ ಒಳಗ ತಳ್ರಿ" ಎಂದರು. ಹಡಗಲಿ ತಲುಪುವ ತನಕ ಅವಳು ಹೋಳಿಗೆ ತಿನ್ನುತ್ತಾ ಅಳುತ್ತಿದ್ದಳು. ನನಗೂ ಕೊಟ್ಟಳು. ತಿಂದೆ. ಹೊಟ್ಟೆಕಿಚ್ಚಿಗೂ ಹಸಿವೆಗೂ ಸಂಬಂಧವಿಲ್ಲ ನೋಡಿ.

ಇಷ್ಟೆಲ್ಲ ಅಳುವವಳಿಗೆ ಉಳ್ಳಾಗಡ್ಡಿ ಹೆಚ್ಚಿದರೆ ಮಾತ್ರ ಒಂದು ಹನಿ ಬರುತ್ತಿರಲಿಲ್ಲ! ಬುಟ್ಟಿ ಬುಟ್ಟಿ ಹೆಚ್ಚಿ ಹಾಕುತ್ತಿದ್ದಳು, ಕಣ್ಣು ಬೆಳ್ಳಗೆ ಬೆಳಗಿದ ಬಟ್ಟಲಿನ ಹಾಗೆ ಇರುತ್ತಿದ್ದವು. ನನಗೋ ಅರ್ಧ ಗಡ್ಡೆಗೇ ಧಾರಾಕಾರ. "ನಿಂಗ ಹ್ಯಾಂಗ ಬರಂಗಿಲ್ಲ?" ಎಂದರೆ, "ಉಳ್ಳಾಗಡ್ಡಿಗೆ ಯಾಕ ಅಳಲಿ? ಅದೇನು ನನ್ನ ಬೀಗರೇನು?" ಎನ್ನುವಳು. ಕಡೆಗೆ ಮನೆಯಲ್ಲಿ ನನ್ನ ಹೆಸರು ಏನಾಯಿತು? ಮನುಷ್ಯರಿಗೆ ಅಳದವಳು, ಉಳ್ಳಾಗಡ್ಡಿಗೆ ಅಳುವವಳು!

ಇವನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಒಂದೇ ಮಾತು. ಒಂದು ಮಧ್ಯಾಹ್ನ ಅತ್ತೆ ಕಟ್ಟೆಯ ಮೇಲೆ ಪಕ್ಕದ ಮನೆಯವರೊಡನೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಮಾತು ಸಾವಿನ ಕಡೆ ಹೊರಳಿತು. ಅತ್ತೆ ನಗುತ್ತಲೇ ಹೇಳಿದಳು: "ನಂಗೇನು ಚಿಂತಿಲ್ಲವ್ವಾ. ನಾ ಸತ್ತರ ದೊಡ್ಡಾಕಿ ಅಳತಾಳ, ಸಣ್ಣಾಕಿ ಬಂದೋರಿಗೆಲ್ಲ ಚಾ ಮಾಡತಾಳ."

ಒಳಗಿದ್ದ ನನಗೆ ಕೇಳಿಸಿತು. ಅತ್ತೆ ಕೆಟ್ಟವಳಲ್ಲ, ಅದು ಕೆಟ್ಟ ಮಾತೂ ಅಲ್ಲ. ಇಬ್ಬರಿಗೂ ಒಂದೊಂದು ಕೆಲಸ ಹಂಚಿದ್ದಳು, ಅಷ್ಟೇ. ಆದರೆ ನನಗೆ ಚಾ ಮಾಡುವ ಸೊಸೆಯಾಗುವುದು ಬೇಡವಾಗಿತ್ತು. ಒಮ್ಮೆ, ಒಂದೇ ಒಂದು ಸಲ, ಸಣ್ಣಾಕಿಗೂ ಕರುಳೈತಿ ಎಂದು ಆ ಬಾಯಿಂದ ಕೇಳಬೇಕಿತ್ತು.

ಅದಕ್ಕೇ ನಾನು ಉಪ್ಪಿನ ಪ್ರಯೋಗಕ್ಕೆ ಇಳಿದದ್ದು. ಹಗರಿಬೊಮ್ಮನಹಳ್ಳಿಯಲ್ಲಿ ಅತ್ತೆಯ ದೂರದ ಬಳಗದ ಹಿರಿಯರೊಬ್ಬರು ತೀರಿಕೊಂಡರು. ಮನೆಯವರೆಲ್ಲ ಮಣ್ಣಿಗೆ ಹೋದೆವು. ನಾನು ಸೆರಗಿನ ಗಂಟಿನಲ್ಲಿ ಹರಳುಪ್ಪು ಕಟ್ಟಿಕೊಂಡಿದ್ದೆ. ಕಣ್ಣೀರು ಅಂದರೆ ಉಪ್ಪುನೀರು ತಾನೆ? ಒಳಗಿನಿಂದ ಬರದಿದ್ದರೆ ಹೊರಗಿನಿಂದ ಹಾಕಿದರಾಯಿತು! ಆ ಮನೆಯ ಹಿತ್ತಲಿಗೆ ಹೋಗಿ, ತಂಬಿಗೆಯ ತಳದಲ್ಲಿದ್ದ ನೀರಿಗೆ ಉಪ್ಪು ಕದಡಿ, ಸೆರಗಿನ ತುದಿ ಅದ್ದಿ ಎರಡೂ ಕಣ್ಣಿಗೆ ಹಿಂಡಿಕೊಂಡೆ.

ಅಯ್ಯಯ್ಯಪ್ಪ! ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಕಣ್ಣು ಬಿಟ್ಟರೆ ಉರಿ, ಮುಚ್ಚಿದರೆ ಇನ್ನೂ ಉರಿ. ಉಜ್ಜಿದೆ, ಉಜ್ಜಿದ ಕೈಯಲ್ಲೂ ಉಪ್ಪೇ! ಆದರೆ ಧಾರೆ ಶುರುವಾಯಿತು ನೋಡಿ, ಏನು ಸೊಗಸು! ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದೆ. "ಯಪ್ಪಾ, ಹೋದ್ಯೇನೋ ಯಪ್ಪಾ" ಎಂದು ಕೈ ಚಾಚಿದೆ. ಹೆಂಗಸರೂ ಕೈ ಚಾಚಿದರು. ಅಷ್ಟರಲ್ಲಿ ಒಬ್ಬ ಮುದುಕಿ ನನ್ನ ಮುಖ ನೋಡಿ ಚೀರಿದಳು:

"ದೂರ ಸರೀರೇ! ಈಕಿಗೆ ಕಣ್ಣು ಬಂದಾವ!"

ಕಣ್ಣು ಕೆಂಪಾಗಿ ಪಿಸುರು ಕಟ್ಟುವ ಅಂಟುರೋಗಕ್ಕೆ ನಮ್ಮ ಕಡೆ ಕಣ್ಣು ಬರುವುದು ಎನ್ನುತ್ತಾರೆ. ಆ ವರ್ಷ ಹೊಸಹಳ್ಳಿಯಿಂದ ಹಡಗಲಿ ತನಕ ಮನೆಮನೆಗೂ ಕಣ್ಣು ಬಂದಿದ್ದವು. ಅಂಥವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ಹತ್ತುತ್ತದೆ ಎಂಬ ನಂಬಿಕೆ ಬೇರೆ. ಚಾಚಿದ ಕೈಗಳೆಲ್ಲ ಪಟಪಟ ಹಿಂದೆ ಹೋದವು. ಒಬ್ಬಳು ಗೋಡೆಗೆ ಮುಖ ಮಾಡಿದಳು, ಒಬ್ಬಳು ಸೆರಗು ಮುಚ್ಚಿಕೊಂಡಳು, ಒಬ್ಬ ಗಂಡಸು ಮೊರದಿಂದ ಗಾಳಿ ಹಾಕುತ್ತಾ, ತಳ್ಳುವ ಹಾಗೆ ನನ್ನನ್ನು ದನದ ಕೊಟ್ಟಿಗೆಗೆ ಸಾಗಿಸಿದ. ಸತ್ತವರ ಮನೆಯಲ್ಲಿ ಹೆಣಕ್ಕಿಂತ ನನಗೇ ಹೆಚ್ಚು ಹೆದರಿದರು!

ಕೊಟ್ಟಿಗೆಗೆ ಹೆದರದೆ ಬಂದವಳು ದೊಡ್ಡಾಕಿ ಒಬ್ಬಳೇ. ಎಮ್ಮೆಯನ್ನು ಪಕ್ಕಕ್ಕೆ ಸರಿಸಿ, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಗಲ್ಲ ಹಿಡಿದೆತ್ತಿ ಕಣ್ಣೊಳಗೆ ನೇರ ನೋಡಿದಳು. ಆಮೇಲೆ ಕೆನ್ನೆಯ ಮೇಲಿನ ನೀರನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟುಕೊಂಡಳು! ಹೌದು, ರುಚಿ ನೋಡಿದಳು.

"ಲೇ, ಇದು ಹರಳುಪ್ಪು. ಇಷ್ಟು ಉಪ್ಪು ದೇವರು ಹಾಕಂಗಿಲ್ಲ."

ಕೊಡದ ಸೀನೀರು ತಂದು ಬೊಗಸೆ ಬೊಗಸೆಯಾಗಿ ಹಾಕಿ ತೊಳೆದಳು. ಬೈಯಲಿಲ್ಲ. "ಹೊರಗಿಂದ ಹಾಕಿದ್ರ ಉರೀತಾವ, ಒಳಗಿಂದ ಬಂದ್ರ ತಣ್ಣಗಾಗತಾವ. ಉಪ್ಪು ಒಂದೇ ಇದ್ರೂ ಬರೂ ದಾರಿ ಬ್ಯಾರೆ ಐತೆವ್ವಾ" ಎಂದಳು. ಹೇಳುತ್ತಾ ಹೇಳುತ್ತಾ ನನ್ನ ಕಣ್ಣಿನ ಸ್ಥಿತಿಗೆ ಅವಳೇ ಅತ್ತಳು. ಆಮೇಲೆ ಪಡಸಾಲೆಗೆ ಹೋಗಿ ಎಲ್ಲರೆದುರು, "ಅಕಿಗೆ ಕಣ್ಣು ಗಿಣ್ಣು ಏನೂ ಬಂದಿಲ್ರಿ. ಸುದ್ದಿ ಕೇಳಿದಾಗಿಂದ ಅತ್ತೂ ಅತ್ತೂ ಹಂಗಾಗ್ಯಾವ" ಎಂದು ಹೇಳಿಬಂದಳು! ಅತ್ತೆ ನನ್ನನ್ನು ಒಂದು ಥರ ನೋಡಿದಳು. ನಂಬಿದಳೋ ಬಿಟ್ಟಳೋ ತಿಳಿಯಲಿಲ್ಲ. ನನಗೆ ಸಿಗಬೇಕಾದ ಹೆಸರು ಸಿಕ್ಕಿತೇನೋ. ಆದರೆ ಅದೂ ಅವಳ ಕೈಯಿಂದ! ಇಂಥ ಉಪಕಾರವನ್ನು ಹೇಗೆ ಕ್ಷಮಿಸುವುದು ಹೇಳಿ?

ಮುಂದೆ ಎಂಬತ್ತರ ದಶಕ ಶುರುವಾದ ಮೇಲೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಕೂಡ್ಲಿಗಿಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆದಾಗ ಆಪರೇಷನ್ ಮಾಡಿಸಿದೆವು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿ ಮನೆಗೆ ಕಳಿಸುವಾಗ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: "ತಿಂಗಳ ತನಕ ಬಗ್ಗಬಾರದು, ಕೆಮ್ಮಬಾರದು, ಅಳಬಾರದು. ಮುಖ್ಯ ಅಳಬಾರದು. ಬಿಕ್ಕಿ ಬಿಕ್ಕಿ ಅತ್ತರೆ ಹೊಲಿಗೆ ಬಿಚ್ಚಿ ಕಣ್ಣೇ ಹೋಗುತ್ತೆ."

ನಾಲ್ಕೇ ದಿನಕ್ಕೆ ಹರಪನಹಳ್ಳಿಯಿಂದ ಆಳು ಬಂದ. ಮಾವ ಹೋಗಿಬಿಟ್ಟಿದ್ದರು. ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಅತ್ತೆಗೆ ಒಬ್ಬನೇ ತಮ್ಮ, ದೊಡ್ಡಾಕಿಗೆ ತಂದೆ. ಸುದ್ದಿಯನ್ನು ಬಾಗಿಲಲ್ಲೇ ತಡೆದೆವು. ಗಂಡಸರು ಹಿತ್ತಲಲ್ಲಿ ಸೇರಿ ತೀರ್ಮಾನಿಸಿದರು: ಅತ್ತೆಗೆ ತಿಂಗಳು ತುಂಬುವ ತನಕ ಹೇಳಬಾರದು. ದೊಡ್ಡಾಕಿಗೆ ತಂದೆಗೆ ಆರಾಮಿಲ್ಲ ಎಂದಷ್ಟೇ ಹೇಳಿ ತೌರಿಗೆ ಕಳಿಸಬೇಕು, ಅಲ್ಲೇ ಇರಲಿ. ಅವಳು ಇಲ್ಲಿದ್ದರೆ ಒಂದು ಗಳಿಗೆಯಲ್ಲಿ ಎಲ್ಲ ಬಯಲು. ಅತ್ತೆಯನ್ನು ನೋಡಿಕೊಳ್ಳಲು ಸಣ್ಣಾಕಿಯೇ ಸರಿ. ನನ್ನ ಗಂಡ ಹೇಳಿದರು: "ಈಕಿ ಅಳಾಕಿ ಅಲ್ಲ, ಏನೂ ಹೆದರಿಕಿ ಇಲ್ಲ."

ನಿಜ ಹೇಳುತ್ತೇನೆ, ಮಾವ ಹೋದ ಸಂಕಟದ ನಡುವೆಯೂ ನನಗೆ ಒಂದು ಬಗೆಯ ಹೆಮ್ಮೆಯಾಯಿತು. ನನ್ನ ಒಣಕಣ್ಣಿಗೂ ಒಂದು ಕಾಲ ಬಂತಲ್ಲ! ಇನ್ನು ತಿಂಗಳು ಅತ್ತೆ ನನ್ನವಳು.

ಎರಡು ದಿನವೂ ನನ್ನವಳಾಗಿ ಉಳಿಯಲಿಲ್ಲ. ಮಣ್ಣು ಮುಗಿಸಿದ ಮರುದಿನವೇ ದೊಡ್ಡಾಕಿ ಬಸ್ಸಿಳಿದು ಬಂದಳು! "ಯಾಕ ಬಂದೆ?" ಎಂದು ನನ್ನ ಗಂಡ ಗದರಿದರೆ, "ನಾ ಇಲ್ಲಂದ್ರ ಅತ್ತಿಗೆ ಗೊತ್ತಾಗತೈತಿ" ಎಂದಷ್ಟೇ ಹೇಳಿ, ಬಚ್ಚಲಲ್ಲಿ ಮುಖ ತೊಳೆದು, ಸೀದಾ ಅತ್ತೆಯ ಮಂಚದ ಬಳಿ ಹೋಗಿ ಕೂತಳು.

"ಎಲ್ಲಿ ಹೋಗಿದ್ದೀ?" ಅತ್ತೆ ಕೇಳಿದಳು.

"ಅವ್ವಗ ಜ್ವರ ಬಂದಿತ್ತು, ನೋಡಾಕ ಹೋಗಿದ್ದೆ. ಈಗ ಆರಾಮದಾಳ."

"ನಿಮ್ಮಪ್ಪ?"

"ಅಂಗಡ್ಯಾಗ ಅದಾರ" ಎಂದಳು.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳ ಕಣ್ಣಲ್ಲಿ ಒಂದು ಹನಿ ಇರಲಿಲ್ಲ! ಆವತ್ತಿಗಿಲ್ಲ, ಮರುದಿನಕ್ಕಿಲ್ಲ, ವಾರವಾದರೂ ಇಲ್ಲ. ಅತ್ತೆಗೆ ತುತ್ತು ಮಾಡಿ ಉಣಿಸಿದಳು, ತಲೆ ಬಾಚಿದಳು, ಬೀದಿಯ ಸುದ್ದಿಯನ್ನೆಲ್ಲ ಹೇಳಿ ನಗಿಸಿದಳು. ಬಾವಿಕಟ್ಟೆಗೆ ಹೋಗಿ ಕದ್ದು ಅಳುತ್ತಾಳೇನೋ ಎಂದು ಹಿಂದೆಯೇ ಹೋಗಿ ಇಣುಕಿದೆ. ಅಲ್ಲೂ ಇಲ್ಲ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬಟ್ಟೆ ಒಗೆಯುತ್ತಿದ್ದಳು. ಅತ್ತರೆ ಕಣ್ಣು ಕೆಂಪಾಗುತ್ತದೆ, ದನಿ ಒಡೆಯುತ್ತದೆ, ಕಣ್ಣು ಕಟ್ಟಿದ ಅತ್ತೆಗೆ ದನಿಯಲ್ಲೇ ತಿಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ನನಗೆ ಸಂಕಟವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಅಳುವುದರಲ್ಲಿ ಗೆದ್ದದ್ದು ಸಾಲದೇ? ಅಳದೆ ಇರುವುದೊಂದು ನನ್ನ ಪಾಲಿಗಿತ್ತು, ಅದರಲ್ಲೂ ಗೆಲ್ಲಬೇಕೇ?

ಒಂದು ಸಂಜೆ ರೇಡಿಯೋದಲ್ಲಿ ಕರುಳು ಕಿತ್ತು ಬರುವಂಥ ನಾಟಕ. ಬೇರೆ ಕಾಲವಾಗಿದ್ದರೆ ಇವಳನ್ನು ಹಿಡಿಯಲು ಇಬ್ಬರು ಬೇಕಿತ್ತು. ಮುಗಿದ ಮೇಲೆ ಅತ್ತೆ ಮೆಲ್ಲಗೆ ಕೇಳಿದಳು:

"ಯಾಕವ್ವಾ, ಇವತ್ತು ಅಳಲಿಲ್ಲೇನು?"

"ನೆಗಡಿ ಐತಿ ಅತ್ತಿ. ಕಣ್ಣೀರೆಲ್ಲ ಮೂಗಿಗೆ ಹೋಗ್ಯಾವ."

ಅತ್ತೆ ಹೂಂ ಎಂದಳು. ಬೇರೇನೂ ಕೇಳಲಿಲ್ಲ.

ತಿಂಗಳು ತುಂಬಿತು. ಡಾಕ್ಟರು ಕಣ್ಣು ನೋಡಿ, ಕರೀ ಕನ್ನಡಕ ಕೊಟ್ಟು, ಇನ್ನು ಹೆದರಿಕೆಯಿಲ್ಲ ಎಂದರು. ಮನೆಗೆ ಬಂದು ಅತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿದೆವು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ಯವ್ವಾ, ಒಂದು ಮಾತು" ಎಂದರು.

"ಗೊತ್ತೈತಿ" ಎಂದಳು ಅತ್ತೆ. "ನನ್ನ ತಮ್ಮ ಹೋಗ್ಯಾನ."

ಎಲ್ಲರ ಕಣ್ಣೂ ದೊಡ್ಡಾಕಿಯ ಕಡೆ ತಿರುಗಿದವು. ಅವಳು ಬೆಚ್ಚಿ, "ನಾ ಹೇಳಿಲ್ಲ, ನಿಮ್ಮಾಣಿ ಹೇಳಿಲ್ಲ" ಎಂದಳು.

"ನೀ ಹೇಳಿಲ್ಲವ್ವಾ. ನೀ ಅಳಲಿಲ್ಲ, ಅದಕ್ಕ ತಿಳೀತು. ಕೋಳಿ ಮಾರಿದ್ರ ಅಳಾಕಿ ನೀನು. ವಾರಗಟ್ಲೆ ನಿನ್ನ ಅಳು ಕೇಳಲಿಲ್ಲಂದ್ರ ಏನು ತಿಳ್ಕೊಳ್ಳಿ? ಬಳಗದಾಗ ಎಲ್ಲಾರೂ ಬಂದು ಮಾತಾಡಿಸಿ ಹೋದ್ರು, ಅವನೊಬ್ಬ ಬರಲಿಲ್ಲ."

"ಮತ್ತ ಯಾಕ ಕೇಳಲಿಲ್ಲ ಅತ್ತಿ?"

"ಕೇಳಿದ್ರ ನೀ ಅಳತಿದ್ದಿ. ನನ್ನ ಕಣ್ಣಿನ ಸಲುವಾಗಿ ಹೆತ್ತ ತಂದೀಗೆ ಅಳೂದು ತಡಕೊಂಡು ಕುಂತಿದ್ಯಲ್ಲ, ನಾ ಹ್ಯಾಂಗ ಕೆಡಸ್ಲಿ?"

ಅಲ್ಲಿಗೆ ಮುಗಿಯಿತು. ತಿಂಗಳ ಅಳು ಒಂದೇ ಸಲ ಒಡೆಯಿತು. ಅತ್ತೆ ಸೊಸೆ ಒಬ್ಬರ ಕೊರಳಿಗೆ ಒಬ್ಬರು ಬಿದ್ದರು. ಒಬ್ಬಳು "ನನ್ನ ತಮ್ಮಾ" ಎನ್ನುತ್ತಾಳೆ, ಒಬ್ಬಳು "ನನ್ನಪ್ಪಾ" ಎನ್ನುತ್ತಾಳೆ. ಅವರಿಬ್ಬರ ನಡುವೆ ಗಾಳಿ ಹೋಗಲೂ ಜಾಗವಿರಲಿಲ್ಲ.

ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ಯಾಕೆ ನೋಡುತ್ತಾರೆ? ನಾನೂ ತಿಂಗಳು ಬಚ್ಚಿಟ್ಟಿದ್ದೆ. ನನಗೂ ಆ ಮಾವ ಬೇಕಾದವರೇ ಆಗಿದ್ದರು. ಆದರೆ ಅವಳು ಅಳದಿದ್ದರೆ ಒಂದು ಸಾವು ತಿಳಿಯುತ್ತದೆ. ನಾನು ಅಳದಿದ್ದರೆ ಏನು ತಿಳಿಯುತ್ತದೆ? ಏನೂ ಇಲ್ಲ. ನನ್ನ ಮೌನವನ್ನು ಓದುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹೊಟ್ಟೆಕಿಚ್ಚಿನಲ್ಲೇ ಅಡುಗೆಮನೆಗೆ ಹೋದೆ. ಒಲೆಯ ಮುಂದೆ ಕೂತೆ. ಹೊಟ್ಟೆಯಿಂದ ಏನೋ ಮೇಲೆ ಹತ್ತಿತು, ಎದೆಯಲ್ಲಿ ನಿಲ್ಲಲಿಲ್ಲ, ಗಂಟಲಲ್ಲಿ ನಿಲ್ಲಲಿಲ್ಲ. ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಮುಖವೆಲ್ಲ ಒದ್ದೆ. ಹೇಗೆ ಅಳಬೇಕೆಂದು ಗೊತ್ತಿಲ್ಲದೆ ಉಸಿರು ಸಿಕ್ಕಿಕೊಂಡು, ಎಳೆಗರು ಕೂಗಿದ ಹಾಗೆ ಒಂದು ವಿಚಿತ್ರ ಸದ್ದು ಹೊರಟಿತು.

ಪಡಸಾಲೆಯ ಅಳು ತಟ್ಟನೆ ನಿಂತಿತು.

"ಅದ್ಯಾರದು, ಅಡಗಿಮನ್ಯಾಗ?" ಎಂದಿತು ಅತ್ತೆಯ ದನಿ.

ದೊಡ್ಡಾಕಿ ಬಾಗಿಲಿಗೆ ಬಂದು ಇಣುಕಿದಳು. "ಸಣ್ಣಾಕಿ ಅತ್ತಿ. ಅಳಾಕತ್ಯಾಳ."

"ಮತ್ತ ನಿಂತು ಏನು ನೋಡಾಕತ್ತೀದಿ? ನನ್ನ ಬಿಡು, ಅಕಿ ಹತ್ರ ಹೋಗು" ಎಂದಳು ಅತ್ತೆ. "ಅಕಿಗೆ ರೂಢಿಲ್ಲವ್ವಾ. ಕೈ ಹಿಡಕಾ ಹೋಗು."

ಅಕ್ಕ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದವು, ಆದರೆ ಒಂದು ಹನಿಯನ್ನೂ ಬಿಡಲಿಲ್ಲ. ಆ ಹೊತ್ತಿನ ಅಳುವನ್ನು ಪೂರ್ತಿ ನನಗೇ ಬಿಟ್ಟುಕೊಟ್ಟಳು.